ಇಟಲಿ ಹಾಲುಬಾಯಿ

ಅದರಲ್ಲಿ ಮೊಟ್ಟೆ ಇದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲವೆಂದೆ. ನನ್ನ ಹೆಂಡತಿ ಗಿರಿಜೆ ನನ್ನ ಮಾತು ನಂಬಿ ತಿಂದಳು.

ಓದುವವರಿಗೆ ‘ಇಷ್ಟೇನಾ’ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಅವಳನ್ನು ಮಣ್ಣು ಮಾಡಿ ಬಂದ ಮೇಲೂ, ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ನೆಂಟರೆಲ್ಲ ಉಂಡೆದ್ದ ಮೇಲೂ ಹಾಗೇ ಅಂದುಕೊಂಡಿದ್ದೆ. ಆ ಮಧ್ಯಾಹ್ನ ಅವಳ ತಂಗಿ ಮಂಗಳ ಹಿತ್ತಲಲ್ಲಿ ನನಗೆ ಹೇಳಿದ ಮಾತು ಕೇಳಿದಾಗಿನಿಂದ — ಏನು ಬರೆಯಲಿ — ಕೈಯಲ್ಲಿದ್ದ ಚೊಂಬು ಎಲ್ಲಿಟ್ಟೆನೋ ಇವತ್ತಿಗೂ ನೆನಪಿಲ್ಲ.

ನಾವು ಗುಬ್ಬಿಯವರು. ನಾನು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಗಿರಿಜೆ ಕುಣಿಗಲ್ ಕಡೆಯ ಹೆಣ್ಣು. ಮಕ್ಕಳಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ. ಇಬ್ಬರ ಕೊರಳಲ್ಲೂ ಲಿಂಗವಿತ್ತು. ಆದರೆ ಅವಳದು ಬೇರೆ, ನನ್ನದು ಬೇರೆ. ನನಗೆ ಅದು ಅಂಗಿಯೊಳಗೆ ಇರುವ ಒಂದು ವಸ್ತು. ಅವಳಿಗೆ ಹಾಗಲ್ಲ. ಬೆಳಿಗ್ಗೆ ಎದ್ದು ಮಿಂದು, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಒಂದು ಪತ್ರೆ ಇಟ್ಟು ಕಣ್ಣು ನೆಟ್ಟರೆ, ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂತು ಮಾಡಿದವಳು. ಅದಾಗದೆ ಬಾಯಿಗೆ ನೀರೂ ಹಾಕುತ್ತಿರಲಿಲ್ಲ.

ಊಟದಲ್ಲೂ ಅಷ್ಟೇ. ಬೇಕರಿಯ ಬಿಸ್ಕತ್ತಿನಿಂದ ಹಿಡಿದು ಮದುವೆಮನೆಯ ಕೇಕಿನವರೆಗೆ ಎಲ್ಲದಕ್ಕೂ ಒಂದೇ ಪ್ರಶ್ನೆ — “ಇದ್ರಲ್ಲಿ ಏನೂ ಇಲ್ಲ ತಾನೇ?” ಮೊಟ್ಟೆ ಎಂಬ ಮಾತನ್ನೂ ಬಾಯಲ್ಲಿ ಆಡುತ್ತಿರಲಿಲ್ಲ, ‘ಏನೂ’ ಅಂದರೆ ಅದೇ. ನನಗೆ ಮುಜುಗರವಾಗುತ್ತಿತ್ತು. ಕಾರ್ಖಾನೆಯಲ್ಲಿ ಯಾರದ್ದಾದರೂ ಹುಟ್ಟುಹಬ್ಬವಾದರೆ ನಾನು ಕೇಕು ತಿನ್ನುತ್ತಿದ್ದೆ. ಕೇಳುತ್ತಿರಲಿಲ್ಲ. ಕೇಳದಿದ್ದರೆ ಆಯಿತಲ್ಲ ಎಂಬುದು ನನ್ನ ಧರ್ಮ. ಅದನ್ನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.

ನಾನು ನಿವೃತ್ತನಾದ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಮಾಲೀಕರ ಮಗಳು ಒಂದು ಕೂಪನ್ನನ್ನೂ ಕೈಗಿತ್ತಳು. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹೊಸದಾಗಿ ಇಟಲಿ ಊಟದ ಹೋಟೆಲು ಬಂದಿದೆ, “ಆಂಟೀನ ಕರ್ಕೊಂಡ್ ಹೋಗಿ ಅಂಕಲ್” ಅಂದಳು. ಗಿರಿಜೆ ಕೂಪನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಇಟಲಿಗೂ ನನಗೂ ಏನ್ ಸಂಬಂಧಾರೀ? ಯಾರಿಗಾದ್ರೂ ಕೊಟ್ಬುಡಿ” ಅಂದಳು. ನಾನೇ ಹಟ ಮಾಡಿದೆ. ಇಷ್ಟು ವರ್ಷ ದುಡಿದಿದ್ದಕ್ಕೆ ಒಂದು ಊಟ ಹೊರಗೆ ಮಾಡೋಣ ಕಣೇ, ಅಂತ.

ಮೊಬೈಲ್ ಅಂಗಡಿಯ ಮೇಲಿನ ಮಹಡಿ. ಕೆಂಪು-ಬಿಳಿ ಚೌಕಳಿ ಬಟ್ಟೆ ಹಾಸಿದ ಮೇಜುಗಳು. ಗಾಜಿನ ಭರಣಿಗಳಲ್ಲಿ ಬಗೆಬಗೆಯ ಒಣ ಪಾಸ್ತಾ ತುಂಬಿಟ್ಟಿದ್ದರು. ಗಿರಿಜೆ ಅವನ್ನು ಸಂಡಿಗೆ ಅಂದುಕೊಂಡಳು. ಮನೆಯಿಂದ ತಂದ ನೀರಿನ ಸ್ಟೀಲ್ ಬಾಟಲಿಯನ್ನು ಮೇಜಿನ ಮೇಲಿಟ್ಟು, ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕೂತಳು. ಸುತ್ತ ಕಾಲೇಜಿನ ಹುಡುಗ ಹುಡುಗಿಯರು. ನಮ್ಮ ಮೇಜಿಗೆ ಬಡಿಸಲು ಬಂದವಳು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಗಿರಿಜೆಯ ಹಣೆಯ ವಿಭೂತಿಯನ್ನು ನೋಡಿ, “ಯಾವೂರಮ್ಮ?” ಅಂದಳು. ಗುಬ್ಬಿ ಅಂದಿದ್ದಕ್ಕೆ, “ಅಯ್ಯೋ, ನಮ್ದು ನಿಟ್ಟೂರು ಕಣಮ್ಮ! ನೀವು ಯೋಚ್ನೆ ಮಾಡ್ಬ್ಯಾಡಿ. ನಿಮಗೆ ಆಗೋದ್ನೇ ತತ್ತೀನಿ” ಅಂದಳು. ಹೇಳಿದಂತೆಯೇ ಮಾಡಿದಳು. ಪಾಸ್ತಾ ಬಂತು. ಗಿರಿಜೆ ಚಮಚದಲ್ಲಿ ಕೆದಕಿ, “ಪಾಪ, ಟೊಮೆಟೊ ಗೊಜ್ಜಿಗೆ ಬಿದ್ದು ಊದ್ಕೊಂಡಿರೋ ಶ್ಯಾವಿಗೆ” ಅಂದಳು. ಪಿಜ್ಜಾ ಕೈಗೆತ್ತಿಕೊಂಡರೆ ಚೀಸು ದಾರದ ಹಾಗೆ ಎಳೆದುಕೊಂಡು ಬಂತು. ಅವಳು ಕೈಯನ್ನು ಮೇಲೆತ್ತಿದಷ್ಟೂ ಅದೂ ಬಂತು. ನಗು ತಡೆಯಲಾಗದೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಆದರೆ ತಿಂದದ್ದು ಕಡಿಮೆ. ರುಚಿ ಹಿಡಿಸಲಿಲ್ಲ. ನನ್ನ ಮನಸ್ಸಿಗಾಗಿ ಎರಡು ತುತ್ತು, ಅಷ್ಟೇ.

ಕೊನೆಗೆ ಕೂಪನ್ನಿನ ಸಿಹಿ ಬಂತು. ಗಾಜಿನ ಲೋಟದಲ್ಲಿ ಪದರ ಪದರವಾಗಿ ಕೆನೆ, ನಡುವೆ ಕಾಫಿಯಲ್ಲಿ ನೆನೆದ ಬ್ರೆಡ್ಡಿನಂಥದ್ದು, ಮೇಲೆ ಕೋಕೋ ಪುಡಿ. ಅದನ್ನು ಇಟ್ಟುಹೋದವನು ಬೇರೆ ಯಾರೋ. ಗಿರಿಜೆ ಕೈತೊಳೆಯಲು ಹೋಗಿದ್ದಳು. ನಿಟ್ಟೂರಿನ ಆ ಹೆಂಗಸು ಬೇಗ ಬೇಗ ಬಂದು, ತಗ್ಗಿದ ದನಿಯಲ್ಲಿ ಹೇಳಿದಳು: “ಸಾರ್, ಇದು ಅಮ್ಮಾರಿಗೆ ಬ್ಯಾಡ. ಮೊಟ್ಟೆ ಬಿದ್ದೈತೆ. ಬದ್ಲಿಗೆ ಐಸ್‌ಕ್ರೀಂ ಹಾಕ್ಕೊಡ್ತೀನಿ.”

ನಾನು ಹೇಳಿದೆ — “ಇರ್ಲಿ ಬುಡಮ್ಮ, ನಾನ್ ನೋಡ್ಕೋತೀನಿ.”

ಅವಳು ನನ್ನ ಮುಖವನ್ನು ಒಂದು ಸಲ ನೋಡಿ ಹೋದಳು. ಗಿರಿಜೆ ಬಂದು ಕೂತಳು. ಚಮಚ ತೆಗೆದುಕೊಂಡಳು. ಬಾಯಿಗಿಡುವ ಮೊದಲು, ಯಾವತ್ತಿನ ಹಾಗೆ —

“ಇದ್ರಲ್ಲಿ ಏನೂ ಇಲ್ಲ ತಾನೇ ರೀ?”

ಯೋಚಿಸದೆ ಬಾಯಿಗೆ ಬಂದದ್ದು ಅನ್ನಲಾರೆ. ಯೋಚಿಸುವಷ್ಟು ಹೊತ್ತಿತ್ತು. ಚಮಚ ಅವಳ ಕೈಯಲ್ಲೇ ಇತ್ತು, ಕಣ್ಣು ನನ್ನ ಮೇಲಿತ್ತು. “ಏನೂ ಇಲ್ಲ ಕಣೇ, ತಿನ್ನು” ಅಂದೆ.

ಯಾಕೆ ಅಂದೆ? ಈಗ ದಿನಾ ಕೇಳಿಕೊಳ್ಳುತ್ತೇನೆ. ಒಂದು ಸಿಹಿಯನ್ನಾದರೂ ಇಷ್ಟಪಟ್ಟು ತಿನ್ನಲಿ ಅಂತಲೇ? ಅದೂ ಇತ್ತು. ಆದರೆ ಅಷ್ಟೇ ಅಲ್ಲ. ಆ ಪ್ರಶ್ನೆ ನನಗೆ ಸಾಕಾಗಿತ್ತು. ಎಲ್ಲರ ಮನೆಯಲ್ಲಿ, ಎಲ್ಲರೆದುರು, ಇಷ್ಟು ವರ್ಷ — ಒಂದು ಸಲ ಅದನ್ನು ಗೆಲ್ಲಬೇಕು ಅನ್ನಿಸಿತು. ತಿಂದರೆ ಏನಾಗುತ್ತದೆ, ನಾನು ತಿಂದು ಏನಾಗಿದೆ — ಇಂಥದ್ದೊಂದು ಸಣ್ಣ ಬುದ್ಧಿ. ನನಗೆ ನನ್ನ ಬಗ್ಗೆ ಗೊತ್ತಿರುವ ಅತಿ ಕೆಟ್ಟ ಸಂಗತಿ ಅದು. ಅವಳು ಬಾಯಿಗಿಟ್ಟಾಗ ನನಗೆ ಒಳಗೊಳಗೇ ಖುಷಿಯಾಯಿತು.

ಅವಳ ಮುಖ ಅರಳಿತು. “ಅಯ್ಯ, ಇದು ನಮ್ಮ ಹಾಲುಬಾಯಿ ಕಣ್ರೀ! ಕಾಫಿ ಕುಡ್ಕೊಂಡ್ ಬಂದಿರೋ ಹಾಲುಬಾಯಿ!” ತನ್ನದು ಮುಗಿಸಿ ನನ್ನ ಲೋಟವನ್ನೂ ಎಳೆದುಕೊಂಡಳು. ಊರಿಗೆ ಬಂದು ಬೀದಿಗೆಲ್ಲ ಹೇಳಿದಳು, ಇಟಲಿ ಹಾಲುಬಾಯಿ ತಿಂದೆ ಅಂತ. ಪಕ್ಕದ ಮನೆಯವರು, “ಏನ್ ಗಿರಿಜಕ್ಕ, ಇಟಲಿಯಿಂದ ಯಾವಾಗ ಬಂದ್ರಿ?” ಅಂತ ರೇಗಿಸುತ್ತಿದ್ದರು. “ಈಗ ಇಳ್ದೆ ಕಣಮ್ಮ, ಗುಬ್ಬಿ ಸ್ಟೇಷನ್ನಲ್ಲಿ” ಅನ್ನುತ್ತಿದ್ದಳು. ನೋಡಿದೆಯಾ, ಏನೂ ಆಗಲಿಲ್ಲ ಎಂದು ನಾನು ನನಗೇ ಹೇಳಿಕೊಂಡೆ.

ಸ್ವಲ್ಪ ಕಾಲದ ಮೇಲೆ ಅವಳು ಕುಣಿಗಲ್ಲಿಗೆ, ತಂಗಿಯ ಮನೆಗೆ, ಹೋಗಿ ಬಂದಳು. ಬಂದಮೇಲೆ ಇಟಲಿ ಹಾಲುಬಾಯಿಯ ಮಾತು ನಿಂತಿತು. ನಾನು ಅದನ್ನು ಗಮನಿಸಲೇ ಇಲ್ಲ. ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಕೇಳಿದಳು:

“ಅವತ್ತು ತಿಂದ್ವಲ್ಲ, ಆ ಸಿಹಿಗೆ ಏನೇನ್ ಹಾಕಿರ್ತಾರೆ ರೀ?”

“ಹಾಲು, ಕೆನೆ, ಕಾಫಿ. ಇನ್ನೇನು?”

ಅವಳು ಆಗ ತಲೆ ಎತ್ತಿ ನೋಡಿದಳು. ಬಹಳ ಹೊತ್ತು. ಆಮೇಲೆ, ಮಗುವಿನ ಜೊತೆ ಮಾತಾಡುವ ಹಾಗೆ, “ಹೂಂ... ನಿಮಗಾದ್ರೂ ಇನ್ನೇನ್ ಗೊತ್ತಿರ್ತದೆ, ಪಾಪ” ಅಂದಳು. ಮತ್ತೆ ಕಾಯಿ ಸುಲಿಯತೊಡಗಿದಳು. ನಾನು ಬಚಾವಾದೆ ಅಂದುಕೊಂಡೆ. ಹೌದು — ಆ ಪದವನ್ನೇ ಅಂದುಕೊಂಡೆ.

ಅಲ್ಲಿಂದ ಮುಂದೆ ಅವಳ ಪೂಜೆಯ ಹೊತ್ತು ಬದಲಾಯಿತು. ಮಂಡಿನೋವು, ನೆಲದಲ್ಲಿ ಕೂರಲು ಆಗುವುದಿಲ್ಲ, ಮಂಚದ ಮೇಲೇ ಬೇಗ ಮುಗಿಸಿಕೊಳ್ಳುತ್ತೇನೆ ಅಂದಳು. ನಾನು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಹಣೆಗೆ ವಿಭೂತಿ ಇರುತ್ತಿತ್ತು, ಒಲೆಯ ಮುಂದೆ ಇರುತ್ತಿದ್ದಳು. “ನಂದಾಯ್ತು, ನಿಮ್ಮದು ಮಾಡ್ಕೊಳಿ” ಅನ್ನುತ್ತಿದ್ದಳು. ಪತ್ರೆಯ ಬುಟ್ಟಿಯಲ್ಲಿ ಪತ್ರೆ ಒಣಗುತ್ತಿತ್ತು. ಕಂಡಿದ್ದೆ. ಕಂಡೂ ಏನು ಎತ್ತ ಅಂತ ಕೇಳಲಿಲ್ಲ. ಕೇಳದಿದ್ದರೆ ಆಯಿತಲ್ಲ.

ಅವಳು ಹೋದದ್ದು ಬಟ್ಟೆ ಒಣಹಾಕುವಾಗ. ಒದ್ದೆ ಸೀರೆಯ ಒಂದು ಕೊನೆ ತಂತಿಯ ಮೇಲೆ, ಇನ್ನೊಂದು ಅವಳ ಕೈಯಲ್ಲಿ. ನಾನು ಒಳಗೆ ಪೇಪರ್ ಓದುತ್ತಿದ್ದೆ. ಹೃದಯ ನಿಂತಿದೆ ಅಂದರು. ಆಸ್ಪತ್ರೆಯವರು ಅಂದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೂ ಇದಕ್ಕೂ ಗಂಟುಹಾಕುವಷ್ಟು ಮೂಢನಲ್ಲ. ಆದರೂ ಸೀರೆಯ ಆ ಕೊನೆಯನ್ನು ಅವಳ ಬೆರಳಿನಿಂದ ಬಿಡಿಸಿದ್ದು — ಇರಲಿ.

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಸಮಾಧಿ ಮಾಡುವುದು. ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿಡುತ್ತಾರೆ. ಮಠದ ಅಯ್ಯನವರು ಗುಣಿಯ ಬಳಿ ಗಿರಿಜೆಯ ಅಂಗೈ ಬಿಡಿಸಿ ಲಿಂಗ ಇಟ್ಟಾಗ, ಮಂಗಳ ಒಮ್ಮೆಲೇ ಚೀರಿದಳು: “ಹಿಡ್ಕೊಳೇ ಅಕ್ಕ! ಇನ್ನಾದ್ರೂ ಹಿಡ್ಕೊ!” ಎಲ್ಲರೂ ದುಃಖದ ಮಾತೆಂದುಕೊಂಡರು. ನಾನೂ.

ಹನ್ನೊಂದನೆಯ ದಿನ ಹಿತ್ತಲಲ್ಲಿ ಅವಳನ್ನೇ ಕೇಳಿದೆ, ಅವತ್ತು ಯಾಕೆ ಹಾಗಂದೆ ಅಂತ.  ಅವಳು ಸೆರಗಿನಿಂದ ಮೂಗು ಒರೆಸಿಕೊಂಡು —

“ನಿಮಗೆ ಹೇಳ್ಬಾರ್ದು ಅಂತ ಅಕ್ಕ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ಲು ಭಾವ. ಇನ್ನೇನ್ ಬುಡಿ, ಅವಳೇ ಇಲ್ಲ. ನಮ್ಮನೆಗೆ ಬಂದಿದ್ದಾಗ ‘ಆ ಇಟಲಿ ಹಾಲುಬಾಯಿ ಮಾಡ್ಬೇಕು, ನಮ್ಮೆಜಮಾನ್ರು ನಿವೃತ್ತಿ ಆದ್ಮೇಲೆ ಮಂಕಾಗವ್ರೆ, ಮಾಡ್ಕೊಟ್ರೆ ಖುಷಿ ಪಡ್ತಾರೆ’ ಅಂದ್ಲು. ನಮ್ಮ ಸೊಸೆ ಫೋನಲ್ಲಿ ವಿಡಿಯೋ ಹಾಕಿದ್ಲು. ಅದ್ರಲ್ಲಿ ಮೊದಲ್ನೇದೇ ಮೊಟ್ಟೆ ಒಡೆದ್ರು. ಅಕ್ಕ ಎದ್ದು ಹೋಗಿ ವಾಂತಿ ಮಾಡ್ಕೊಂಡ್ಲು. ಅವತ್ತಿಂದ ಲಿಂಗ ಕೈಲಿ ಮುಟ್ಲಿಲ್ಲ. ಕೊರಳಲ್ಲಿತ್ತು, ಅಷ್ಟೇ. ಕರಡಿಗೆ ಬಿಚ್ಲಿಲ್ಲ.”

ನಾನು ಏನೋ ಕೇಳಿದೆ. ಮಠಕ್ಕೆ ಹೋಗಬಹುದಿತ್ತಲ್ಲ, ಅಂತಿರಬೇಕು.

“ಅವಳು ಊರಿಗೆ ಬಂದ್ಮೇಲೂ ಫೋನಲ್ಲಿ ನಾನೂ ಅದೇ ಬಡ್ಕೊಂಡೆ ಭಾವ! ಅಯ್ಯನೋರಿಗೆ ಹೇಳು, ವಿಭೂತಿ ಹಚ್ಚಿ ಕಳಿಸ್ತಾರೆ, ಮುಗೀತು ಅಂತ. ಕೇಳ್ಬೇಕಲ್ಲ. ‘ಅಲ್ಲಿಗೆ ಹೋದ್ರೆ ಇವರಿಗೆ ಗೊತ್ತಾಗುತ್ತೆ ಕಣೇ. ಪಾಪ, ಗೊತ್ತಿಲ್ದೆ ತಿನ್ಸವ್ರೆ. ನಾನೂ ಕೇಳ್ನೋಡ್ದೆ, ಹಾಲು-ಕೆನೆ ಅಂದ್ರು, ಮಗು ಥರ. ನನ್ನ ಕೈಯಾರೆ ಅವಳ ವ್ರತ ಕೆಡಿಸ್ದೆ ಅಂತ ತಿಳಿದ್ರೆ ಆ ಮನುಷ್ಯ ಉಳಿಯಲ್ಲ’ ಅಂದ್ಲು. ನೀವು ಇದನ್ನ ಮನಸ್ಸಿಗೆ ಹಚ್ಕೋಬೇಡಿ. ನಿಮ್ಮ ತಪ್ಪೇನಿದೆ? ನಿಮಗೆ ಗೊತ್ತಿರ್ಲಿಲ್ಲ.”

ನನ್ನ ಭುಜ ಮುಟ್ಟಿ ಸಮಾಧಾನ ಮಾಡಿದಳು. ನಾನು — ತಲೆಯಾಡಿಸಿದೆ.

ಅದನ್ನೂ ಬರೆಯಬೇಕು.  ಅಂಥ ಹೊತ್ತಿನಲ್ಲೂ ನನ್ನ ತಲೆ ತಾನಾಗಿಯೇ ಆಡಿತು. ಹೌದು, ನನಗೆ ಗೊತ್ತಿರಲಿಲ್ಲ ಎಂಬಂತೆ. ಹೋಟೆಲಿನಲ್ಲಿ ಒಂದು ಸುಳ್ಳು, ಅವರೆಕಾಯಿಯ ಮುಂದೆ ಒಂದು, ಇದು ಇನ್ನೊಂದು.

ಅವರೆಕಾಯಿ ಸುಲಿದ ಆ ಸಂಜೆಗೇ ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತದೆ. ಅವಳು ಕೇಳಿದ್ದು ಸಿಹಿಯ ವಿಷಯವಲ್ಲ. ನಾನು “ಹೂಂ ಕಣೇ, ಗೊತ್ತಿತ್ತು, ತಪ್ಪಾಯ್ತು” ಅಂದಿದ್ದರೆ ಬೈಯುತ್ತಿದ್ದಳು. ಎರಡು ದಿನ ಮಾತು ಬಿಡುತ್ತಿದ್ದಳು. ಮೂರನೆಯ ದಿನ ನನ್ನನ್ನು ಎಳೆದುಕೊಂಡು ಮಠಕ್ಕೆ ಹೋಗಿ, ಅಯ್ಯನವರ ಮುಂದೆ ಕೂರಿಸಿ, ಬೆಳಿಗ್ಗೆ ಎದ್ದು ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಿದ್ದಳು. ಒಂದು ಮಾತು ಸಾಕಿತ್ತು. ಅದು ನನ್ನ ಬಾಯಲ್ಲೇ ಇತ್ತು. ನನ್ನನ್ನು ಉಳಿಸಲು ಅವಳು ತನ್ನ ಬೆಳಗುಗಳನ್ನೇ ಬಿಟ್ಟುಕೊಟ್ಟಳು — ಏನೂ ಗೊತ್ತಿಲ್ಲದ ಆ ಮನುಷ್ಯ ಈ ಮನೆಯಲ್ಲಿ ಇರಲೇ ಇಲ್ಲ ಎಂದು ತಿಳಿಯದೆ. ಅವಳು ಹಣೆಗೆ ವಿಭೂತಿ ಹಚ್ಚಿ “ನಂದಾಯ್ತು” ಅನ್ನುತ್ತಿದ್ದಾಗ ನಾನು ಕಾಫಿ ಕೇಳುತ್ತಿದ್ದೆ.

ಈಗ ಬೆಳಿಗ್ಗೆ ನಾನು ಕೂರುತ್ತೇನೆ. ಕರಡಿಗೆ ಬಿಚ್ಚುತ್ತೇನೆ. ಲಿಂಗ ಅಂಗೈಯಲ್ಲಿ ತಣ್ಣಗಿರುತ್ತದೆ. ಕಣ್ಣು ನೆಡಲು ಆಗುವುದಿಲ್ಲ; ಅವಳ ಅಂಗೈಯನ್ನು ಅಯ್ಯನವರು ಒಂದೊಂದೇ ಬೆರಳು ಬಿಡಿಸಿದ್ದು ಕಾಣುತ್ತದೆ.

ನಾಳೆ ಕುಣಿಗಲ್ಲಿಗೆ ಹೋಗುತ್ತೇನೆ. ಮಂಗಳ ಬಾಗಿಲು ತೆರೆದು “ಬನ್ನಿ ಭಾವ” ಅನ್ನುತ್ತಾಳೆ. ಯಾರು ಬಂದರೂ ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು ತಂದಿಡುವ ಮನೆ ಅದು. ಆ ನೀರು ಕುಡಿದರೆ ನಾನು ಮತ್ತೆ ನೆಂಟನಾಗಿ ಕೂತುಬಿಡುತ್ತೇನೆ, ತಲೆಯಾಡಿಸುತ್ತೇನೆ. ನನ್ನನ್ನು ನಾನು ಬಲ್ಲೆ. ಅವಳು ನೀರಿಗೆಂದು ಒಳಗೆ ತಿರುಗುವ ಮೊದಲೇ, ಹೊಸಿಲಿನ ಈಚೆಗೆ ನಿಂತೇ, ಹೇಳಬೇಕು — ನನಗೆ ಗೊತ್ತಿತ್ತು.

ಆಮೇಲೆ ನೀರು ಕೊಡುವುದು, ಬಿಡುವುದು ಅವಳಿಗೆ ಸೇರಿದ್ದು.