ಕವಡೆ ಮುಚ್ಚಿದ ಕೈ

ಸ್ಯಾನ್ ಡಿಯಾಗೊದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಮೈಸೂರಿನಲ್ಲಿ ತತ್ವಶಾಸ್ತ್ರ ಕಲಿಸಿದವರು. ಕಾಲೇಜಿನಿಂದ ರಿಟೈರ್ ಆಗಿದ್ದರೇ ಹೊರತು ವಾದದಿಂದಲ್ಲ. ಸ್ವೆಟರ್ ಮೇಲೆ ಸೆರಗು ಸಿಕ್ಕಿಸಿಕೊಂಡು ಮನೆ ಹಿಂದಿನ ಪ್ಯಾಟಿಯೋದಲ್ಲಿ ಚೌಕಾಬಾರಕ್ಕೆ ಕೂತರೆ, ಕವಡೆ ಚೆಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈಯಿಂದ ಮುಚ್ಚಿಬಿಡುತ್ತಿದ್ದರು.

"ಎಣಿಸಬೇಡ. ಅಂಗಾತ ಬಿದ್ದದ್ದೆಷ್ಟು?"

ನಾನು ಹೇಳಿದರೂ ಬಿಡುತ್ತಿರಲಿಲ್ಲ. "ಆ ಸಂಖ್ಯೆ ಕವಡೆಯಲ್ಲಿತ್ತೋ, ನಿನ್ನ ಕಣ್ಣಲ್ಲಿತ್ತೋ?"

ಎರಡನೇ ಗ್ರೇಡಿನಲ್ಲಿದ್ದ ನನ್ನ ಮಗಳು ಆಗ ಕೂಡುವ ಲೆಕ್ಕ ಕಂಡರೆ ಅಳುತ್ತಿದ್ದಳು. ಅವಳಿಗೆ ಲೆಕ್ಕದ ಬುದ್ಧಿಯೇ ಇಲ್ಲ ಅಂತ ಟೀಚರ್ ಹೇಳಿದ್ದರು. ಅದನ್ನು ಕೇಳಿ ಆಂಟಿ ಕೆಂಡವಾದರು. "ಹುಟ್ಟುವಾಗಲೇ ತಂದದ್ದನ್ನು ಇಲ್ಲ ಅನ್ನೋಕೆ ಅವರ್ಯಾರು? ಕರಿ ಅವಳನ್ನ."

ಮಗಳು ಬಂದು ಕೂತಳು. ಅವಳ ಸರದಿಗೆ ಆಂಟಿಯೇ ಕವಡೆ ಚೆಲ್ಲಿ ಮುಚ್ಚಿದರು.

"ಮೂರು!" ಎಂದಳು. ಡೇಟಾ ನೋಡಿ ಸಂಬಳ ತಗೊಳ್ಳುವ ನಾನು ಇನ್ನೂ ಯೋಚಿಸುತ್ತಿದ್ದೆ.

"ಸರಿ. ಕವಡೆಯಲ್ಲಿತ್ತೋ, ಕಣ್ಣಲ್ಲಿತ್ತೋ?"

ಮಗಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. "ಕವಡೆ ನಿಮ್ಮ ಕೈ ಕೆಳಗಿದೆ. ನನ್ನ ಕಣ್ಣೂ ಕ್ಲೋಸ್. ಸ್ಟಿಲ್ ಮೂರೇ ಅಲ್ವಾ, ಆಂಟಿ?"

ಆಂಟಿ ನೆಲ ಬಡಿದು ನಕ್ಕರು. "ಸೋತೆ ಕಣೇ! ಅಷ್ಟು ವರ್ಷ ಪಾಠ ಮಾಡಿದೀನಿ, ಒಬ್ಬರೂ ನನ್ನ ಬಾಯಿ ಮುಚ್ಚಿಸಿರಲಿಲ್ಲ!" ಕೈ ಎತ್ತಿದರು. ಮೂರೇ.

ಮಗಳು ಅತ್ತ ನೋಡಲೂ ಇಲ್ಲ. ಕಾಯಿಯನ್ನು ಮೂರು ಮನೆ ನಡೆಸಿ, ಕವಡೆಗಳನ್ನು ಅವರತ್ತ ತಳ್ಳಿದಳು.

"ಈಗ ನಿಮ್ಮ ಟರ್ನ್."