ರಾಜಾ ಕಲ್

ಎಂಬತ್ತರ ದಶಕದ ಮಾತು. ನಾಗಪುರದ ಸದರ್ ಬಡಾವಣೆಯ ಒಂದು ಶಾಲೆಗೆ ಟೈಪ್‌ರೈಟರ್ ರಿಪೇರಿಗೆ ಹೋಗಿದ್ದೆ. ಊಟದ ಬಿಡುವು. ಸ್ಟಾಫ್‌ರೂಮಿನಲ್ಲಿ ಧಾರವಾಡ ಕಡೆಯ ಪಾಟೀಲ ಟೀಚರ್ ಮೂವರು ಮಾಸ್ತರರಿಗೆ ಆಟ ಆಡಿಸುತ್ತಿದ್ದರು. ಅವರ ತಮ್ಮ ವಿದೇಶದಿಂದ ತಂದ ಆಟವಂತೆ. ಟೀಚರ್ ಒಂದು ಮಾಯಾರಾಜ್ಯದ ಕಥೆ ಹೇಳಬೇಕು, ಉಳಿದವರು ಅದರೊಳಗಿನ ವೀರರಾಗಿ ದಾಳ ಉರುಳಿಸಬೇಕು. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೇ ನಡೆಸುತ್ತಿದ್ದರು.

ಅವತ್ತು ವೀರರು ಕೋಟೆಯ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದರು. ಪಕ್ಕದ ಬಂಡೆಯ ಮೇಲೆ ಎರಡೇ ಪದದ ಭವಿಷ್ಯವಾಣಿ: ‘ರಾಜಾ ಕಲ್’. ಹಿಂದಿಯಲ್ಲಿ ಕಲ್ ಅಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ರಾಜ ಬಂದು ಹೋದನೋ, ಇನ್ನೂ ಬರುವವನೋ? ಅವನು ಬರುವ ಮುಂಚೆ ಬಾಗಿಲು ತೆರೆದರೆ ಮೂವರೂ ಸಾಯುತ್ತಾರೆ. ಒಂದು ವಾರದಿಂದ ಇದೇ ವಾದವಂತೆ.

ನನಗೆ ತಡೆಯಲಾಗಲಿಲ್ಲ. “ಟೀಚರ್, ನಮ್ಮ ಭಾಷಾದಾಗ ಕಲ್ ಅಂದ್ರ ಕಲ್ಲಲ್ರೀ? ರಾಜಾ ಆ ಕಲ್ಲಿನೊಳಗ ಅದಾನೇನೋ!”

ಟೀಚರ್ ಅದನ್ನು ಹಿಂದಿಯಲ್ಲಿ ಹೇಳಿದ್ದೇ ತಡ, ಒಬ್ಬ ಮಾಸ್ತರರು ಎದ್ದು ನಿಂತೇಬಿಟ್ಟರು. ದಾಳ ಉರುಳಿತು, ಬಂಡೆ ಒಡೆಯಿತು, ರಾಜ ಹೊರಗೆ ಬಂದ.

“ನಿಮಗ ಇದು ಮೊದಲ ಗೊತ್ತಿತ್ತೇನ್ರಿ?” ಅಂತ ಮೆಲ್ಲಗೆ ಕೇಳಿದೆ.

“ಇಲ್ರೀ. ಅರ್ಥಾ ಯಾರರೆ ತರ್ತಾರ ಅಂತ ಜಾಗಾ ಬಿಟ್ಟಿದ್ದೆ,” ಅಂದರು ಟೀಚರ್. ಅಷ್ಟು ಧೈರ್ಯದ ಕಥೆಗಾರರನ್ನು ನಾನು ಮತ್ತೆ ಕಂಡಿಲ್ಲ.

ಗಂಟೆ ಹೊಡೆಯಿತು. ಹೆಡ್‌ಮಾಸ್ತರರು ಬಾಗಿಲಲ್ಲಿ ನಿಂತು, ಟೈಪ್‌ರೈಟರ್ ಯಾವಾಗ ತಯಾರಾಗುತ್ತದೆ ಎಂದು ಹಿಂದಿಯಲ್ಲಿ ಕೇಳಿದರು. ನಾನಿನ್ನೂ ಅದರ ಮುಚ್ಚಳವನ್ನೇ ತೆಗೆದಿರಲಿಲ್ಲ.

“ಕಲ್,” ಅಂದೆ. ಯಾವ ಕಲ್ ಅಂತ ಪುಣ್ಯಕ್ಕೆ ಅವರು ಕೇಳಲಿಲ್ಲ.