ಮುನಿಯನ ಹಾಜರಿ

“ಅಣ್ಣಾ, ನಮ್ಮಪ್ಪನ್ನ ಯಾಕೆ ಕರೀಲಿಲ್ಲ?” ಎಂಟು ವರ್ಷದ ಪೊನ್ನಿ ಹೀಗೆ ಕೇಳಿದಾಗ ನನ್ನ ಮಂಗಾಟ ನಿಂತಿತು. ಸುಂಟಿಕೊಪ್ಪದಲ್ಲಿ ಕಾಫಿ ಎಸ್ಟೇಟಿನ ಲೈನುಮನೆಗಳ ಕೂಲಿಕಾರರ ಮಕ್ಕಳಿಗೆ ನಡೆದ ರಜಾ ಶಿಬಿರಕ್ಕೆ ನಾನು ಮೇಲ್ವಿಚಾರಕ, ಅಂದರೆ ದೊಡ್ಡ ಮಂಗ. ಬೆಳಿಗ್ಗೆ, ಕೂಲಿಕಾರರ ಹಾಜರಿ ಹಾಕುವ ತೋಟದ ರೈಟರ ಮೂಗುದನಿಯಲ್ಲಿ ಅಪ್ಪಂದಿರ ಹೆಸರು ಕೂಗುತ್ತಿದ್ದೆ. ಮಕ್ಕಳು ಅಪ್ಪಂದಿರ ಹಾಗೆಯೇ ಓಗೊಟ್ಟು ನಗುತ್ತಿದ್ದರು. ನೆರಳುಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತ ಅವಳಪ್ಪ ಮುನಿಯನ ಹೆಸರನ್ನು ಬೇಕೆಂದೇ ಬಿಟ್ಟಿದ್ದೆ.

“ರೈಟರು ಹೆಸರು ಹೊಡೆದುಹಾಕಿದ್ರು. ನೀವೂ ಹೊಡೆದ್ರಾ?”

“ಮುನಿಯಾ!” ಎಂದು ಕೂಗಿದೆ. “ಬಂದೆ ಸಾಮಿ,” ಎಂದು ಗಡಸು ದನಿಯಲ್ಲಿ ಓಗೊಟ್ಟು ಅವಳು ಸಾಲಿನಲ್ಲಿ ಕೂತಳು. ಯಾರೂ ನಗಲಿಲ್ಲ.

ಶಿಬಿರ ಮುಗಿಯುವವರೆಗೂ ದಿನಾ ಮುನಿಯನನ್ನು ಕರೆದೆ. ಕೊನೆಯ ಬೆಳಿಗ್ಗೆ ಓಗೊಟ್ಟ ಮೇಲೆ ಅವಳು, “ನಾಳೆ?” ಎಂದಳು. ಊರಿನವರೆಲ್ಲರ ದನಿ ಬರುವ ನಾನು ನನ್ನದೇ ದನಿಯಲ್ಲಿ ಇನ್ನೊಮ್ಮೆ “ಮುನಿಯಾ!” ಎಂದು ಕೂಗಿದೆ.